ಮೂಗಿಗೊಂದು ಭರಣಿ ದ್ರಾಕ್ಷಿ

ಆ ಮನೆಯಲ್ಲಿ ಹಾಲು ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಅವಳು ಪಾತ್ರೆ ನೋಡಿ ತಿಳಿಯುತ್ತಿರಲಿಲ್ಲ. ಗಂಡನ ಹುಬ್ಬು ನೋಡಿ ತಿಳಿಯುತ್ತಿದ್ದಳು. ಅವನು ಒಲೆಯ ಪಕ್ಕ ಹಾದುಹೋಗುವಾಗ ಎಡಹುಬ್ಬು ಒಂದಿಷ್ಟು ಮೇಲೆದ್ದರೆ ಸಾಕು, ಆ ಹಾಲು ಬಚ್ಚಲಿಗೆ. ಬಾಯಿಬಿಟ್ಟು ಹೇಳುವ ಅಗತ್ಯವೇ ಬರುತ್ತಿರಲಿಲ್ಲ. ಸಾಬೂನು ಕಾರ್ಖಾನೆಯಲ್ಲಿ ಅವನ ಕೆಲಸ ಮೂಸುವುದು. ಸಾಬೂನಿಗೆ ಬೆರೆಸುವ ಪರಿಮಳದೆಣ್ಣೆಯಲ್ಲಿ ಕಾಗದದ ತೆಳುಪಟ್ಟಿ ಅದ್ದಿ, ಮೂಗಿನ ಕೆಳಗೆ ಒಮ್ಮೆ ಆಡಿಸಿ, ‘ಸರಿ’ ಅಥವಾ ‘ಬೇಡ’ ಎನ್ನಬೇಕು. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಮೂಗಪ್ಪ’ ಎಂದೇ. ಮೂಗಪ್ಪ ಬೇಡ ಅಂದ ಎಂದರೆ ಮೇನೇಜರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆ ಮೂಗಿಗಾಗಿ ಅವಳು ಮದುವೆಯಾದಂದಿನಿಂದ ಮುಖಕ್ಕೆ ಪೌಡರು ಹಚ್ಚಿದವಳಲ್ಲ. ಬೆಳಗಿನ ಹೊತ್ತು ಈರುಳ್ಳಿ ಹೆಚ್ಚಿದವಳಲ್ಲ. ನೆಲಕ್ಕೆ ಫಿನಾಯಿಲು ಹಾಕದೆ ಬರೀ ಬಿಸಿನೀರಲ್ಲಿ ಒರೆಸುವ ಮನೆ ಆ ಬೀದಿಯಲ್ಲಿ ಅದೊಂದೇ.

ಆಮೇಲೆ ಅವನಿಗೆ ಜ್ವರ ಬಂತು. ಬಂದ ಜ್ವರ ಹೋಯಿತು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. “ಬರಬಹುದು, ಬರದೇನೂ ಇರಬಹುದು. ದಿನಾ ನಿಂಬೆಹಣ್ಣು, ಲವಂಗ ಎಲ್ಲ ಮೂಸಿ ಅಭ್ಯಾಸ ಮಾಡಿ” ಎಂದರು. ಮೇನೇಜರು ಇನ್ನೂ ಸ್ಪಷ್ಟವಾಗಿದ್ದರು. ವರ್ಷದ ಕೊನೆಯವರೆಗೆ ಕುರ್ಚಿ ಅವನದೇ. ಅಷ್ಟರವರೆಗೆ ಕೈಕೆಳಗಿನ ಹುಡುಗಿ ನೋಡಿಕೊಳ್ಳುತ್ತಾಳೆ. ಆಮೇಲೆ ಒಂದು ಪರೀಕ್ಷೆ. ಅದರಲ್ಲಿ ಗೆದ್ದರೆ ಕುರ್ಚಿ, ಇಲ್ಲದಿದ್ದರೆ ಈಗ ಇರುವ ಪ್ಯಾಕಿಂಗ್ ವಿಭಾಗವೇ ಕಾಯಂ. ಅಲ್ಲಿ ಅವನು ಹಗಲಿಡೀ ಸಾಬೂನಿನ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುತ್ತಿದ್ದ. ಎಷ್ಟೋ ವರ್ಷ ತಾನೇ ‘ಸರಿ’ ಎಂದು ಕಳುಹಿಸಿದ ಸಾಬೂನು ಈಗ ಅವನ ಕೈಯಲ್ಲಿ ಬರೀ ಇಟ್ಟಿಗೆ ಚೂರು.

ನಿಂಬೆಹಣ್ಣು ಮೂಸಲು ಅವನು ಒಪ್ಪಲಿಲ್ಲ. “ನಿಂಬೆಹಣ್ಣು ಅಂತ ಕಣ್ಣಿಗೇ ಕಾಣ್ತಿದೆಯಲ್ಲೇ. ಮೂಗಿಗೇನು ಕೆಲಸ ಅಲ್ಲಿ?” ಎಂದು ದೂರ ಸರಿಸಿದ.

ಅವಳು ಇದನ್ನು ಮಹಡಿ ಮೇಲಿನ ಮನೆಯ ಮಾಮನ ಹತ್ತಿರ ಹೇಳಿಕೊಂಡಳು. ಮಾಮ ಹಡಗಿನಲ್ಲಿ ಅಡುಗೆಯವರಾಗಿದ್ದು ನಿವೃತ್ತರಾದವರು. ಒಂಟಿ ಜೀವ. ಮಹಡಿ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಗಾಜಿನ ಹೂಜಿಗಳನ್ನಿಟ್ಟುಕೊಂಡು ಮನೆಬಳಕೆಗೆ ವೈನ್ ಮಾಡುತ್ತಿದ್ದರು.

“ಹಂಗಾದ್ರೆ ನೀವೂ ಒಂದು ಭರಣಿ ದ್ರಾಕ್ಷಿ ಹಾಕಿ,” ಎಂದರು ಮಾಮ. “ಇದು ದಿನಕ್ಕೊಂದು ವಾಸನೆ ಹೊಡೆಯೋ ಪ್ರಾಣಿ ಕಣಮ್ಮ. ಇವತ್ತು ಹಣ್ಣು, ನಾಳೆ ಹಿಟ್ಟು, ನಾಡಿದ್ದು ಇನ್ನೇನೋ. ಕಣ್ಣಲ್ಲಿ ನೋಡಿ ಹೇಳೋಕೆ ಬ್ರಹ್ಮನ ಕೈಲೂ ಆಗಲ್ಲ. ಮೂಗೇ ಬೇಕು.”

ಮೂಗೇ ಬೇಕು ಎಂಬ ಮಾತು ಅವಳಿಗೆ ಹಿಡಿಸಿತು.

ಆ ಭಾನುವಾರ ಕಪ್ಪು ದ್ರಾಕ್ಷಿ ಬಂತು. ತೊಟ್ಟು ಬಿಡಿಸಿ, ತೊಳೆದು, ಒಂದು ಹನಿಯೂ ನೀರು ಉಳಿಯದಂತೆ ಬಟ್ಟೆಯ ಮೇಲೆ ಹರಡಿದರು. ಭರಣಿಯನ್ನು ಕುದಿನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದರು. ಮಾಮ ಸ್ಟೂಲಿನ ಮೇಲೆ ಕೂತು ಆಜ್ಞೆ ಮಾಡುತ್ತಿದ್ದರು. ಗಂಡ ಮೊಣಕೈವರೆಗೂ ದ್ರಾಕ್ಷಿಯಲ್ಲಿ ಕೈ ಇಳಿಸಿ ಹಿಸುಕುತ್ತಿದ್ದ.

“ಬೀಜ ಒಡೀಬೇಡಯ್ಯ, ಕಹಿ ಬಿಡುತ್ತೆ. ಮೆತ್ತಗೆ, ಮೆತ್ತಗೆ! ಮಗೂಗೆ ಎಣ್ಣೆ ತಿಕ್ಕೋ ಥರ.”

“ಮಗು ಇದ್ದಿದ್ರೆ ತಾನೇ ಮಾಮ ಗೊತ್ತಾಗೋದು,” ಎಂದ ಅವನು.

ಅಷ್ಟರಲ್ಲಿ ಬಂದಳು ಗಂಡನ ಅಕ್ಕ. ಎರಡು ಬೀದಿ ಆಚೆ ಅವಳ ಹೊಲಿಗೆ ಅಂಗಡಿ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅವಳಿಗೆ ಮೊದಲು ಗೊತ್ತಾಗಬೇಕು. ಅಡುಗೆಮನೆಯ ಬಾಗಿಲಲ್ಲೇ ನಿಂತು ಸೊಂಟಕ್ಕೆ ಕೈ ಕೊಟ್ಟಳು.

“ಓಹೋ, ಹೊಸ ಕಸುಬಾ? ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋರನ್ನ ಕೇಳಿದ್ದೆ. ಮೂಗು ಹೋಯ್ತು ಅಂತ ಹೆಂಡ ಕಾಯ್ಸೋರನ್ನ ಇವತ್ತೇ ನೋಡಿದ್ದು.”

“ಹೆಂಡ ಅಲ್ಲ ಅಕ್ಕಾ, ವೈನು,” ಎಂದು ಅವಳು ತಿದ್ದಿದಳು.

“ಹೆಸರು ಬದಲಾಯಿಸಿದ್ರೆ ಹೊಟ್ಟೇಲಿ ಅದು ಸುಮ್ನಿರುತ್ತೇನೇ?” ಎಂದಳು. ಬೈಯುತ್ತಲೇ ಸೆರಗು ಸಿಕ್ಕಿಸಿಕೊಂಡು ಕೂತು ಉಳಿದ ತೊಟ್ಟು ಬಿಡಿಸಿದಳು.

ಸಕ್ಕರೆ ಸೇರಿತು. ಬೆಚ್ಚನೆಯ ನೀರಲ್ಲಿ ನೆನೆಸಿಟ್ಟ ಯೀಸ್ಟ್ ನೊರೆಯೆದ್ದು ಸೇರಿತು. ಉಕ್ಕಲು ಜಾಗ ಬಿಟ್ಟು ಭರಣಿ ತುಂಬಿಸಿ ಬಾಯಿಗೆ ತೆಳುಬಟ್ಟೆ ಕಟ್ಟಿದರು. ಬೆಳಗ್ಗೆ ಸಂಜೆ ಬಟ್ಟೆ ತೆಗೆದು, ಮೇಲೆ ತೇಲಿ ಬಂದ ಸಿಪ್ಪೆಯನ್ನು ಮರದ ಸೌಟಿನಿಂದ ಕೆಳಗೆ ಒತ್ತಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ ಎಂದರು ಮಾಮ.

ಒತ್ತುವ ಕೆಲಸ ಅವಳದು, ಮೂಸುವ ಕೆಲಸ ಅವನದು. ಆದರೆ ಮೊದಲು ಅವಳು ಮೂಸುತ್ತಿದ್ದಳು. ಏನೋ ಒಂದು ಹೆದರಿಕೆ: ಒಳಗೆ ಏನೂ ವಾಸನೆಯೇ ಇಲ್ಲದ ಹೊತ್ತಿನಲ್ಲಿ ಅವನ ಮುಂದೆ ಹಿಡಿದು, ಅವನು ಏನೂ ಇಲ್ಲ ಎಂದು, ಅದನ್ನೇ ಮನಸ್ಸಿಗೆ ಹಚ್ಚಿಕೊಂಡುಬಿಟ್ಟರೆ? ಆದ್ದರಿಂದ ಬಟ್ಟೆ ಸರಿಸಿ, ತಾನು ಒಂದುಸಿರು ಎಳೆದು, ಇದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಭರಣಿಯನ್ನು ಅವನತ್ತ ವಾಲಿಸುತ್ತಿದ್ದಳು. ಅವನು ಅವಳನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ, ಬಾಗುತ್ತಿದ್ದ.

ಮೊದಮೊದಲು ಏನೂ ಇಲ್ಲ. “ಗೋಡೆ ಮೂಸಿದ ಹಾಗಿದೆ,” ಎನ್ನುತ್ತಿದ್ದ. ಭರಣಿ ಮಾತ್ರ ಒಳಗೊಳಗೇ ಗುಸುಗುಸು ಎನ್ನುತ್ತಿತ್ತು. ಸಿಪ್ಪೆ ಒತ್ತಿದಾಗ ನೊರೆ ಬುಸ್ಸೆಂದು ಏಳುತ್ತಿತ್ತು. ಎಲ್ಲಿಂದಲೋ ಸಣ್ಣ ನೊಣಗಳು ಬಂದು ಬಟ್ಟೆಯ ಮೇಲೆ ಕೂರುತ್ತಿದ್ದವು. “ನೊಣಕ್ಕೂ ಗೊತ್ತಾಗುತ್ತೆ,” ಎಂದು ಅವನು ಅಂದ ದಿನ ಅವಳಿಗೆ ಊಟ ಸೇರಲಿಲ್ಲ.

ಒಂದು ಬೆಳಗ್ಗೆ ಬಟ್ಟೆ ತೆಗೆದವಳೇ ತಟ್ಟನೆ ಹಿಂದೆ ಸರಿದಳು. ಗಂಟಲಿಗೇ ಹೊಡೆಯುವ ನಾತ. ಏನೂ ಆಗದವಳಂತೆ ಭರಣಿಯನ್ನು ಅವನತ್ತ ವಾಲಿಸಿದಳು. ಅವನು ಬಾಗಿದ. ಹುಬ್ಬು ಮೇಲೆದ್ದಿತು. ಎಷ್ಟು ತಿಂಗಳಾಗಿತ್ತು ಆ ಹುಬ್ಬು ಎದ್ದು!

“ಕೊಳೆತ ಮೊಟ್ಟೆ,” ಎಂದ ನಿಧಾನವಾಗಿ. “ಮೊಟ್ಟೆ ಕೊಳೆತ ಹಾಗಿದೆ. ಅಲ್ವೇನೇ?”

ಅವಳು ಸೌಟು ಕೆಳಗಿಟ್ಟು ಅತ್ತುಬಿಟ್ಟಳು. ಜಗತ್ತಿನಲ್ಲಿ ಕೊಳೆತ ಮೊಟ್ಟೆಯ ನಾತಕ್ಕೆ ಆನಂದಬಾಷ್ಪ ಸುರಿಸಿದ ಹೆಂಗಸು ತಾನೊಬ್ಬಳೇ ಇರಬೇಕು ಎಂದುಕೊಂಡು ನಕ್ಕಳು ಕೂಡ. ಮಾಮ ಕೆಳಗಿಳಿದು ಬಂದು, “ಹೊಟ್ಟೆಗೆ ಸಾಲದೆ ಯೀಸ್ಟು ಗಲಾಟೆ ಮಾಡ್ತಿದೆ, ಹಿಂದೇನೇ ಹೇಳಿದ್ನಲ್ಲ, ಒಮ್ಮೊಮ್ಮೆ ಮೊಟ್ಟೆ ನಾತಾನೂ ಬರುತ್ತೆ ಅಂತ,” ಎನ್ನುತ್ತಾ ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಸಿ ಗಾಳಿಯಾಡಿಸಿದರು. ಸಂಜೆಗೆ ನಾತ ಇಳಿಯಿತು. “ಈಗ ಪರವಾಗಿಲ್ಲ,” ಎಂದ ಗಂಡ ಬಾಗಿ ಮೂಸಿ. ಅವಳಿಗೂ ಹಾಗೇ ಅನ್ನಿಸಿತ್ತು.

ಅಲ್ಲಿಂದ ಮುಂದೆ ದಿನಕ್ಕೊಂದು ಮಾತು. ‘ಸಿಹಿ ತಗ್ಗಿದೆ.’ ‘ಇವತ್ತು ಸ್ವಲ್ಪ ಚುರುಕು.’ ‘ಹಣ್ಣಿನ ಕಡೆ ತಿರುಗಿದೆ.’ ಅವನು ಹೇಳಿದ್ದೆಲ್ಲ ಅವಳ ಮೂಗಿಗೂ ಸರಿಯೇ. ಸಿಪ್ಪೆ ಸೋಸಿ, ರಸವನ್ನು ಮಾಮ ಕೊಟ್ಟ ಗಾಜಿನ ಹೂಜಿಗೆ ತುಂಬಿಸಿ, ಬಾಯಿಗೆ ಬಲೂನು ಸಿಕ್ಕಿಸಿ, ಒಳಗೇಳುವ ಅನಿಲ ಹೊರಹೋಗಲೆಂದು ಅದಕ್ಕೊಂದು ಸೂಜಿತೂತು ಮಾಡಿದರು. ಇನ್ನು ದಿನಾ ತೆರೆಯಬಾರದು, ಗಾಳಿ ಹೊಕ್ಕರೆ ಹುಳಿ ಹೊಡೆಯುತ್ತದೆ ಎಂದರು ಮಾಮ. ಆದರೆ ಮೂಗಿನ ಅಭ್ಯಾಸ ನಿಲ್ಲಿಸುವುದು ಹೇಗೆ? ಅವಳೇ ಉಪಾಯ ಹುಡುಕಿದಳು. ದಿನ ಬಿಟ್ಟು ದಿನ ಸಣ್ಣ ಕೊಳವೆಯಲ್ಲಿ ಒಂದು ಗುಟುಕು ಎಳೆದು, ಮುಚ್ಚಳವಿದ್ದ ಸ್ಟೀಲ್ ಲೋಟಕ್ಕೆ ಬಿಟ್ಟು, ಅವನ ಮುಂದೆ ಹಿಡಿದು ಮುಚ್ಚಳ ತೆಗೆಯುವುದು.

ಅವನು ಬದಲಾದ. ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತು ಗಡ್ಡ ಕೆರೆದುಕೊಳ್ಳತೊಡಗಿದ. ಕಾರ್ಖಾನೆಯಲ್ಲಿ ಮೇನೇಜರ ಕೋಣೆಗೆ ತಾನೇ ಹೋಗಿ, “ಮೂಗು ಬಂದಿದೆ ಸರ್, ಯಾವಾಗ ಬೇಕಾದರೂ ಕರೀರಿ,” ಎಂದು ಬಂದ. ಅಕ್ಕ ಕೂಡ ಮೆತ್ತಗಾದಳು. “ಏನೇ ಆಗ್ಲಿ, ನಿನ್ನ ಹೆಂಡದ ಪುಣ್ಯ,” ಎಂದಳು.

ಪರೀಕ್ಷೆಗೆ ದಿನ ಗೊತ್ತಾಯಿತು.

ಅವಳಿಗೆ ದವಡೆಹಲ್ಲು ನೋವು ಬಂದದ್ದು ಅದಕ್ಕೆ ಸ್ವಲ್ಪ ಮೊದಲು. ಅವಳ ಕೆಲಸ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ, ಫೋನಿನ ಮುಂದೆ. ಹಗಲಿಡೀ ಕರೆಂಟು ಹೋದವರ ಬೈಗುಳ ಕೇಳಿ, “ಲೈನ್‌ಮನ್ ಹೊರಟಿದ್ದಾರೆ ಸರ್,” ಎನ್ನಬೇಕು. ಲೈನ್‌ಮನ್ ಕಣ್ಣೆದುರೇ ಕೂತು ಟೀ ಕುಡಿಯುತ್ತಿದ್ದರೂ. ದನಿಯನ್ನು ಹಿಡಿತದಲ್ಲಿಡುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಮುಖಕ್ಕೆ ಆ ಅಭ್ಯಾಸವಿರಲಿಲ್ಲ. ಫೋನಿಗೆ ಮುಖ ಕಾಣುವುದಿಲ್ಲವಲ್ಲ.

ಆ ಸಂಜೆ ಲೋಟದ ಮುಚ್ಚಳ ತೆಗೆದಾಗ ಹಣ್ಣು ಮಾಗಿದಂಥ ಒಳ್ಳೆಯ ವಾಸನೆ ಬಂತು. ಅದೇ ಹೊತ್ತಿಗೆ ಹಲ್ಲಿನ ಬೇರಿಗೆ ಚುಳ್ ಎಂದಿತು. ಅವಳು ಮುಖ ಕಿವುಚಿದಳು. ಅವನು ನೋಡಿದ, ಕಣ್ಣು ಮುಚ್ಚಿದ, ಬಾಗಿ ಮೂಸಿದ.

“ಥೂ,” ಎಂದ. “ಕೆಟ್ಟಿದೆ ಕಣೇ. ಹುಳಿ ಹೊಡೆದಿದೆ.”

“ಹೌದೇನ್ರೀ? ನಂಗೆ ಹಾಗನ್ನಿಸಲಿಲ್ಲ.”

“ನಿನಗೇನು ಗೊತ್ತಾಗುತ್ತೆ. ಮೂಗಿನ ವಿಷಯ ನನಗೆ ಬಿಡು.”

ಅವನ ಮೂಗಿನ ಮುಂದೆ ತನ್ನದನ್ನು ಅವಳು ಎಂದೂ ನಂಬಿದವಳಲ್ಲ. ನಿಜವೇ ಇರಬೇಕು ಎಂದುಕೊಂಡು ಲೋಟ ಹಿಡಿದು ಮಹಡಿ ಹತ್ತಿದಳು. ಮಾಮ ನಾಲಗೆಗೆ ಹಚ್ಚಿ, ಬಾಯಲ್ಲಿ ಹೊರಳಿಸಿ, ಕಣ್ಣರಳಿಸಿದರು.

“ಕೆಟ್ಟಿದೆ ಅಂದಿದ್ದು ಯಾರು? ಮೊದಲನೇ ಸಲಕ್ಕೆ ಇಷ್ಟು ಚೆನ್ನಾಗಿ ನನಗೇ ಬಂದಿರಲಿಲ್ಲ.”

ಇಳಿಯುವಾಗ ಅವಳು ಮೆಟ್ಟಿಲ ಮಧ್ಯದಲ್ಲೇ ನಿಂತಳು. ಮೂಸುವ ಮುನ್ನ ಅವನು ತನ್ನನ್ನು ನೋಡುವ ಆ ಚಿಕ್ಕ ನೋಟ ನೆನಪಾಯಿತು. ರೆಪ್ಪೆ ಬಡಿದಷ್ಟೇ ಹೊತ್ತು. ಅದು ಪ್ರೀತಿಯ ನೋಟವೆಂದು ಇಷ್ಟು ದಿನ ತಿಳಿದಿದ್ದಳು.

ಇಲ್ಲ, ನನ್ನದೇ ಅನುಮಾನದ ಬುದ್ಧಿ, ಎಂದು ಕೆನ್ನೆ ಒತ್ತಿಕೊಂಡಳು. ಆದರೂ ಅನುಮಾನ ಒಳಹೊಕ್ಕ ಮೇಲೆ ಕೂರಲು ನಿಲ್ಲಲು ಬಿಡಬೇಕಲ್ಲ. ಅಡುಗೆಮನೆಗೆ ಹೋಗಿ ಲೋಟವನ್ನು ಬಿಸಿನೀರಲ್ಲಿ ಚೆನ್ನಾಗಿ ತೊಳೆದಳು. ಕುಡಿಯುವ ನೀರನ್ನು ಒಂದು ಗುಟುಕು ಹಾಕಿ ಮುಚ್ಚಿದಳು. ಜಗುಲಿಯಲ್ಲಿ ಕೂತಿದ್ದ ಅವನ ಬಳಿ ಹೋದಳು. ಹೊರಗೆ ಬೆಳಕು ಮಬ್ಬಾಗಿತ್ತು.

“ಲೋಟದ್ದೇ ದೋಷ ಇರಬೇಕು ರೀ. ತೊಳೆದು ಬೇರೆ ತಂದಿದೀನಿ, ನೋಡಿ.”

ಮುಚ್ಚಳ ತೆಗೆದು ತಾನು ಮೂಸಿದಳು. ನೀರಿಗೆ ಏನು ವಾಸನೆ! ಹಲ್ಲು ನೋವನ್ನು ನುಂಗಿಕೊಂಡು ಮುಖವನ್ನು ಅರಳಿಸಿದಳು. ಅವನು ನೋಡಿದ. ಕಣ್ಣು ಮುಚ್ಚಿದ. ಬಾಗಿ, ಎದೆ ತುಂಬ ಎಳೆದುಕೊಂಡ. ಅವನ ಮುಖದ ಮೇಲೆ ನಿಧಾನವಾಗಿ ಒಂದು ತೃಪ್ತಿ ಹರಡಿತು. ಅದು ನಾಟಕವಲ್ಲ. ನಾಟಕವಾಗಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

“ಹಾಂ, ಇದು ಸರಿ,” ಎಂದ. “ಹಣ್ಣು. ಹಣ್ಣಿನ ಹಿಂದೆ ಸಣ್ಣಗೆ ಹೂವು. ಗಮನಿಸಿದ್ಯಾ?”

“ಹೂಂ,” ಎಂದಳು. ಫೋನಿನ ದನಿ ತಾನಾಗಿ ಬಂತು.

ಒಳಗೆ ಬಂದು ಸಿಂಕಿನ ಅಂಚು ಹಿಡಿದು ನಿಂತಳು. ಇಷ್ಟು ವರ್ಷ ಹಾಲು ಕೆಟ್ಟಿದ್ದನ್ನು ತಾನು ಅವನ ಹುಬ್ಬಿನಲ್ಲಿ ಓದುತ್ತಿದ್ದಳು. ಈಗ ಅವನು ಅವಳ ಮುಖದಲ್ಲಿ ದ್ರಾಕ್ಷಿ ಓದುತ್ತಿದ್ದ. ಓದುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಅವಳ ಮುಖ ಏನು ಹೇಳುತ್ತಿತ್ತೋ, ಅದಕ್ಕೆ ಅವನ ಹಳೆಯ ಅನುಭವ ಒಂದು ವಾಸನೆ ಹುಡುಕಿ ಕೊಡುತ್ತಿತ್ತು. ಕೊಳೆತ ಮೊಟ್ಟೆಯೂ ಅಷ್ಟೇ. ಮಾಮ ಮೊದಲೇ ಹೇಳಿದ್ದರು, ತಾನು ಹಿಂದೆ ಸರಿದಿದ್ದಳು, ಇನ್ನೇನು ಬೇಕಿತ್ತು?

ಹೇಳಬೇಕು. ಪರೀಕ್ಷೆಗೆ ಮೊದಲೇ ಹೇಳಬೇಕು. ನಾಲ್ಕು ಜನರೆದುರು ಬೀಳುವುದಕ್ಕಿಂತ ಮನೆಯೊಳಗೆ ಬೀಳುವುದು ಮೇಲಲ್ಲವೇ? ಮಾತುಗಳನ್ನು ಜೋಡಿಸಿದಳು, ಅಳಿಸಿದಳು, ಮತ್ತೆ ಜೋಡಿಸಿದಳು. ಹೆಂಡತಿಯೇ ಹೀಗಂದಳು ಎಂಬ ಗಾಯ ಒಂದು ಕಡೆ. ಇನ್ನೊಂದು ಕಡೆ, ಒಂದುವೇಳೆ ತನ್ನ ಲೆಕ್ಕವೇ ತಪ್ಪಾಗಿದ್ದು, ಬಂದ ಮೂಗನ್ನು ತಾನೇ ಹೆದರಿಸಿ ಓಡಿಸಿದರೆ? ಪರೀಕ್ಷೆಯ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು.

“ರೀ, ಒಂದು ಮಾತು.”

ಅವನು ತಿರುಗಿ ಅವಳ ಮುಖ ನೋಡಿದ. ಅದೇ ನೋಟ. ತನ್ನ ಮುಖದ ಮೇಲೆ ಏನಿದ್ದರೆ ಇವನಿಗೆ ಏನಾಗುತ್ತದೆ ಎಂಬ ಭಯಕ್ಕೆ ಅವಳ ತುಟಿ ತಾನಾಗಿಯೇ ನಕ್ಕಿತು.

“ಏನೇ?”

“ಏನಿಲ್ಲ. ಚೆನ್ನಾಗಾಗಲಿ ಅಂತ.”

“ಆಗದೆ ಏನು,” ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಅವಳು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಕೂತಳು. ಅಕ್ಕ ಬಂದು ಹೋದಳು. ಮಾಮ ಮಹಡಿಯಿಂದ ಎರಡು ಸಲ ಇಣುಕಿ, ಕೇಳಲು ಧೈರ್ಯ ಸಾಲದೆ ಒಳಗೆ ಹೋದರು. ಊಟದ ಹೊತ್ತು ಮೀರಿದ ಮೇಲೆ ಅವನು ಬಂದ. ಚಪ್ಪಲಿ ಬಿಟ್ಟ. ಕೈಕಾಲು ತೊಳೆಯಲಿಲ್ಲ. ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡಿದ.

“ಒಂದೂ ಸರಿಯಾಗಿ ಹೇಳೋಕಾಗಲಿಲ್ಲ,” ಎಂದ.

ಅವಳು ನೀರು ತಂದುಕೊಟ್ಟಳು.

“ಕಾಗದದ ಪಟ್ಟಿ ಕೊಡ್ತಾ ಹೋದರು. ಎದುರಿಗೆ ಆ ಹುಡುಗಿ. ನಾನೇ ಕೆಲಸ ಕಲಿಸಿದವಳು. ಕಲ್ಲಿನ ಹಾಗೆ ಕೂತಿದ್ದಳು ಕಣೇ, ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಮೇನೇಜರೂ ಹಾಗೇ. ಅಲ್ಲಿ ಏನೂ ಬರಲಿಲ್ಲ.” ನೀರು ಕುಡಿದ. “ಬರೀ ನೀರನ್ನೂ ಕೊಟ್ಟರಂತೆ ಒಂದು ಪಟ್ಟಿಯಲ್ಲಿ. ನಾನು ಗುಲಾಬಿ ಅಂದೆ.”

“ಹೋಗಲಿ ಬಿಡ್ರೀ.”

“ಹೋಗಲಿ ಅಂದ್ರೆ? ಕುರ್ಚಿ ಅವಳಿಗೆ ಕೊಟ್ಟಾಯ್ತು. ನಾನಿನ್ನು ಅಂಟುಪಟ್ಟಿನೇ.” ಖಾಲಿ ಲೋಟ ಕೆಳಗಿಟ್ಟು, “ಆದ್ರೆ ಮನೇಲಿ ಬರುತ್ತಲ್ಲ? ನೀನೇ ನೋಡಿದೀಯಲ್ಲ? ಮನೇಲಿ ಬಂದಿದ್ದು ಅಲ್ಲಿ ಯಾಕೆ ಬರಲ್ಲ?” ಎಂದು ಎದ್ದ. “ಬಾ. ಲೋಟ ಗೀಟ ಬೇಡ. ಹೂಜೀನೇ ತೆಗಿ.”

ಹೂಜಿ ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಅವಳು ಚೀಲ ಸರಿಸಿದಳು. ಮಡ್ಡಿ ತಳಕ್ಕಿಳಿದು ಮೇಲೆ ಕಪ್ಪುಗೆಂಪು ರಸ ತಿಳಿಯಾಗಿ ನಿಂತಿತ್ತು. ಬಲೂನು ತೆಗೆದಾಗ ವಾಸನೆ ಮೇಲೆದ್ದಿತು. ಇಷ್ಟು ದಿನಗಳಲ್ಲಿ ಇಷ್ಟು ಚೆನ್ನಾಗಿ ಒಂದು ದಿನವೂ ಇರಲಿಲ್ಲ. ಮಾಗಿದ ಹಣ್ಣು, ಒಣಗಿದ ಹೂವು, ಎಲ್ಲೋ ದೂರದಲ್ಲಿ ಮರದ ತೊಗಟೆ. ಇದೆಲ್ಲಕ್ಕೂ ಹೆಸರಿಟ್ಟು ಹೇಳಬೇಕಾಗಿದ್ದವನು ಪಕ್ಕದಲ್ಲೇ ನಿಂತಿದ್ದ.

ಅವಳು ಗೋಡೆಯ ಕಡೆ ತಿರುಗಿ ನಿಂತಳು.

ಬೆನ್ನ ಹಿಂದೆ ಅವನು ಬಾಗಿದ್ದು, ಉಸಿರೆಳೆದಿದ್ದು ಕೇಳಿಸಿತು. ಮತ್ತೊಮ್ಮೆ ಎಳೆದ. ಇನ್ನೊಮ್ಮೆ, ಇನ್ನೂ ಜೋರಾಗಿ, ಮುಳುಗುವವನಂತೆ.

“ಯಾಕೆ ಆ ಕಡೆ ತಿರುಗಿದೀಯ?” ಎಂದ.

ಅವಳು ಗೋಡೆಗೆ ಅಂಗೈ ಊರಿದಳು.

“ಈ ಕಡೆ ತಿರುಗೇ.” ದನಿಯಲ್ಲಿ ಸಿಟ್ಟಿರಲಿಲ್ಲ. ಕತ್ತಲಲ್ಲಿ ಒಬ್ಬನೇ ಸಿಕ್ಕಿಬಿದ್ದವನು ಕರೆದ ಹಾಗಿತ್ತು. “ತಿರುಗು, ಒಂದೇ ಸಲ.”

ಅವಳು ತಿರುಗಿದಳು. ನಗಬೇಕೆಂದೇ ತಿರುಗಿದ್ದು. ವಾಸನೆ ನಿಜವಾಗಿಯೂ ಚೆನ್ನಾಗಿತ್ತು. ಈ ಒಂದು ಸಲ ಸುಳ್ಳು ನಗುವ ಅಗತ್ಯವೂ ಇರಲಿಲ್ಲ. ಆದರೆ ಅವನ ಕಣ್ಣು ತನ್ನ ಮುಖಕ್ಕೆ ಅಂಟಿಕೊಂಡಿದ್ದನ್ನು ಕಂಡದ್ದೇ ತಡ, ಮುಖ ಕೈಮೀರಿತು. ತುಟಿ ಸೊಟ್ಟಗಾಯಿತು, ಗಲ್ಲ ನಡುಗಿತು, ಕಣ್ಣು ತುಂಬಿ ಸುರಿಯಿತು.

ಅವನು ಕಣ್ಣು ಮುಚ್ಚಿ ಹೂಜಿಯ ಮೇಲೆ ಬಾಗಿದ. ಹುಬ್ಬು ಮೇಲೆದ್ದಿತು.

“ಹಾಳಾಗಿದೆ,” ಎಂದ. “ಪೂರ್ತಿ ಹುಳಿ.”

“ಇಲ್ಲ ರೀ. ದೇವರಾಣೆಗೂ ಚೆನ್ನಾಗಿದೆ.”

“ಸುಮ್ಮನೆ ಮೂಗಿಗೆ ತುಪ್ಪ ಸವರಬೇಡ.”

“ನಿಜವಾಗ್ಲೂ ರೀ. ಮಾಮನ್ನ ಕರೀತೀನಿ, ಬೇಕಾದ್ರೆ ಅವರನ್ನೇ ಕೇಳಿ.”

“ಯಾರನ್ನೂ ಕರೀಬೇಡ.” ಅವನ ದನಿ ಗಟ್ಟಿಯಾಗಿತ್ತು. ಕಾರ್ಖಾನೆಯಲ್ಲಿ ‘ಬೇಡ’ ಎನ್ನುತ್ತಿದ್ದಾಗ ಇದ್ದ ದನಿ ಇದೇ ಇರಬೇಕು ಎನ್ನಿಸಿತು ಅವಳಿಗೆ. “ನನಗೆ ಬಡೀತಿದೆ ಇಲ್ಲಿ, ಹಣೆ ತನಕ ಬಡೀತಿದೆ. ಹಿಡಿ ಆ ಕಡೆ. ಚೆಲ್ಲಿಬಿಡೋಣ.”

ಅವಳು ಹಿಡಿಯದೆ ನಿಂತಳು. ಅವನು ಒಬ್ಬನೇ ಎತ್ತಲು ಹೋದ. ಹೂಜಿ ವಾಲಿತು, ಒದ್ದೆ ಗಾಜು ಕೈಯಲ್ಲಿ ಜಾರಿತು. ಆಗ ಅವಳು ಮುಂದೆ ಬಂದು ತಳಕ್ಕೆ ಕೈ ಕೊಟ್ಟಳು. ಇಬ್ಬರೂ ಸೇರಿ ಅದನ್ನು ಸಿಂಕಿನ ಅಂಚಿಗೆ ಆನಿಸಿ ಬಾಗಿಸಿದರು. ರಸ ಗುಳುಗುಳು ಎಂದು ಬಿತ್ತು, ಬಿಳಿಯ ಸಿಂಕು ಕೆಂಪಾಯಿತು. ಅಡುಗೆಮನೆಯ ತುಂಬ ಆ ವಾಸನೆ ಎದ್ದು ನಿಂತಿತು. ಅವಳು ಬಾಯಲ್ಲಿ ಉಸಿರಾಡುತ್ತ, ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ, ಹರಿಯುವುದನ್ನೇ ನೋಡಿದಳು.

“ನೋಡಿದ್ಯಾ,” ಎಂದ ಅವನು. ಅವನಿಗೆ ಎಷ್ಟೋ ಹಗುರವಾಗಿತ್ತು. “ಇಲ್ಲಿ ಗೊತ್ತಾಗುತ್ತೆ ನನಗೆ. ಅಲ್ಲೇ ಏನೋ ಎಡವಟ್ಟಾಗಿದ್ದು. ನಾಳೇನೇ ಬೇರೆ ದ್ರಾಕ್ಷಿ ತರ್ತೀನಿ.”

ತಳದ ಮಡ್ಡಿ ಮಂದವಾಗಿ ಜಾರಿ ಬರುವವರೆಗೂ ಅವಳು ಹೂಜಿಯನ್ನು ಬಾಗಿಸಿಯೇ ಹಿಡಿದಿದ್ದಳು.